ತೆವಳುವ ಡಿಗ್ಗರ್‌ಗೆ ಚಕ್ರದ ಡ್ರೈವ್

ಪ್ರಶ್ನೆ: ಸಾರ್, ಚನ್ನಗಿರಿ ಹತ್ತಿರ ನನ್ನದು ಮೂರೂವರೆ ಎಕರೆ ಅಡಿಕೆ ತೋಟ. ಟ್ರೇಲರ್‌ ಥರದ ಹಳೆಯ ಮಿನಿ ಡಿಗ್ಗರ್ ಒಂದನ್ನು ಕೊಂಡಿದ್ದೇನೆ. ತೂಕ ಸುಮಾರು 800 ಕೆಜಿ, 10 ಎಚ್‌ಪಿ ಡೀಸೆಲ್ ಎಂಜಿನ್, ಒಂದು ಸುತ್ತಿಗೆ 8 ಸಿಸಿ ಆಯಿಲ್ ತಳ್ಳುವ ಗೇರ್ ಪಂಪ್. ಆಯಿಲ್ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ 160 ಬಾರ್‌ಗೆ ಇದೆ. ಚಕ್ರ 70 ಸೆಂ.ಮೀ. ಎತ್ತರ. ಅಗೆಯುವುದಕ್ಕೆ ತಕರಾರಿಲ್ಲ. ಆದರೆ ಚಕ್ರಕ್ಕೆ ಡ್ರೈವ್ ಇಲ್ಲ. ಬಕೆಟ್ ಊರಿ, ತನ್ನನ್ನು ತಾನೇ ಎಳೆದುಕೊಂಡು ತೆವಳಬೇಕು. ಬಸಿಗಾಲುವೆ ತೆಗೆಯುವ ದಿನ ಅರ್ಧ ಹೊತ್ತು ತೆವಳುವುದರಲ್ಲೇ ಹೋಗುತ್ತದೆ. ಎರಡೂ ಚಕ್ರಕ್ಕೆ ಹೈಡ್ರಾಲಿಕ್ ಮೋಟರ್ ಹಾಕಿಸಬಹುದಾ? ಇಲ್ಲಿಯ ವರ್ಕ್‌ಶಾಪ್‌ನವರು ‘400 ಸಿಸಿ ಮೋಟರ್ ತನ್ನಿ, ಶಾಫ್ಟ್‌ಗೇ ಚಕ್ರ ಬೋಲ್ಟ್ ಮಾಡಿಬಿಡೋಣ’ ಅಂತಾರೆ. ತೋಟ ಮನೆಯಿಂದ 4 ಕಿ.ಮೀ. ದೂರ. ಟ್ರಾಕ್ಟರ್‌ಗೆ ಕಟ್ಟಿ ಎಳೆದೊಯ್ಯುತ್ತೇನೆ.

ಉತ್ತರ: ಹಾಕಿಸಬಹುದು. ಆದರೆ ಶಾಫ್ಟ್‌ಗೇ ಚಕ್ರ ಬೋಲ್ಟ್ ಮಾಡುವುದು ಬೇಡ. ಯಾಕೆ ಅನ್ನುವುದು ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಮೋಟರ್‌ಗೆ ಆಯಿಲ್ ಕೊಟ್ಟರೆ ಚಕ್ರ ತಿರುಗುತ್ತದೆ. ಚಕ್ರವನ್ನು ನೀವೇ ತಿರುಗಿಸಿದರೆ ಅದೇ ಮೋಟರ್ ಪಂಪ್ ಆಗುತ್ತದೆ. ನಿಮ್ಮ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಟ್ರಾಕ್ಟರ್ 25 ಕಿ.ಮೀ. ವೇಗದಲ್ಲಿ ಎಳೆದರೆ ನಿಮಿಷಕ್ಕೆ 190 ಸುತ್ತು. 400 ಸಿಸಿಯ ಒಂದೊಂದು ಮೋಟರೂ ನಿಮಿಷಕ್ಕೆ 75 ಲೀಟರ್ ಆಯಿಲ್ ತಳ್ಳಲು ನೋಡುತ್ತದೆ. ನಿಮ್ಮ ಪಂಪ್ ಕೊಡುವುದೇ 20 ಲೀಟರ್. ಲಿವರ್‌ನ ವಾಲ್ವ್ ಮುಚ್ಚಿದ್ದರೆ ಚಕ್ರ ಉಜ್ಜಿಕೊಂಡು ಬರುತ್ತದೆ. ತೆರೆದಿದ್ದರೆ ಆಯಿಲ್ ಬಿಸಿಯಾಗುತ್ತದೆ, ಮೋಟರ್ ಒಣಗಿ ಸವೆಯುತ್ತದೆ. 4 ಕಿ.ಮೀ. ಸಾಕು, ಸೀಲ್ ಹೋಗಲಿಕ್ಕೆ.

ನಾನು ಹೇಳುವುದು ಚೈನ್. ಮೋಟರನ್ನು ಚಾಸಿಗೆ ಕಟ್ಟಿ. ಈಗಿರುವ ಹಬ್‌ಗೆ 33 ಹಲ್ಲಿನ ಸ್ಪ್ರಾಕೆಟ್ ಬೋಲ್ಟ್ ಮಾಡಿ. ಮೋಟರ್ ಕಡೆ 11 ಹಲ್ಲು. ಮೋಟರ್ ಮೂರು ಸುತ್ತಿದರೆ ಚಕ್ರ ಒಂದು ಸುತ್ತು. ರಸ್ತೆಗೆ ಹೋಗುವಾಗ ಚೈನ್ ಲಾಕ್ ಬಿಚ್ಚಿ ಚೈನನ್ನು ಟೂಲ್ ಬಾಕ್ಸ್‌ಗೆ ಹಾಕಿದರೆ ಆಯಿತು, ಚಕ್ರ ಮೊದಲಿನ ಹಾಗೇ ಹಗುರ. ಎರಡು ಕಡೆ ಸೇರಿ ಐದು ನಿಮಿಷದ ಕೆಲಸ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ.

ಚೈನ್ ಇದ್ದರೆ 400 ಸಿಸಿಯೂ ಬೇಡ, ನಿಧಾನಕ್ಕೆ ತಿರುಗಿ ಹೆಚ್ಚು ಬಲ ಕೊಡುವ 160 ಸಿಸಿಯ ಆರ್ಬಿಟ್ ಮೋಟರ್ ಸಾಕು. ಲೆಕ್ಕ ಹೀಗೆ. ಸಿಸಿಯನ್ನು ಬಾರ್‌ನಿಂದ ಗುಣಿಸಿ 63ರಿಂದ ಭಾಗಿಸಿ, ಬರುವುದು ನ್ಯೂಟನ್ ಮೀಟರ್ ಲೆಕ್ಕದ ತಿರುಗುಬಲ. 160 ಸಿಸಿಗೆ 100 ಬಾರ್‌ನಲ್ಲಿ 254. ತಿಕ್ಕಾಟ ಕಳೆದರೆ 215 ಇಟ್ಟುಕೊಳ್ಳಿ. ಚೈನ್ ಅದನ್ನು ಮೂರು ಪಟ್ಟು ಮಾಡಿ 645 ಕೊಡುತ್ತದೆ. ನಿಮ್ಮ ಯಂತ್ರ, ಮೇಲೆ ಕೂತವರು ಸೇರಿ 900 ಕೆಜಿ. ಐದು ಅಡಿಗೆ ಒಂದು ಅಡಿ ಏರು, ಮೇಲೆ ಸಡಿಲ ಮಣ್ಣು ಅಂದರೆ 315 ಕೆಜಿ ಎಳೆತ ಬೇಕು. ಅದಕ್ಕೆ ಒಂದೊಂದು ಚಕ್ರಕ್ಕೆ 540 ನ್ಯೂಟನ್ ಮೀಟರ್ ಸಾಕು. ವೇಗ ಗಂಟೆಗೆ 2.7 ಕಿ.ಮೀ. ಬರುತ್ತದೆ, ಅಂದರೆ ಪಕ್ಕದಲ್ಲಿ ನಡೆಯುವವರು ಸುಮ್ನೆ ಮಾತಾಡಿಕೊಂಡು ಹೋಗುವಷ್ಟು. 9 ಅಡಿ ಸಾಲಿನ ಅಡಿಕೆ ಮರಗಳ ನಡುವೆ ಇದಕ್ಕಿಂತ ಜಾಸ್ತಿ ವೇಗ ನಿಮಗೆ ಯಾಕೆ? ಇನ್ನೊಂದು, ಒಂದೇ ಮಾದರಿಯ ಮೋಟರ್‌ಗಳಲ್ಲಿ ಸಿಸಿ ಏರಿದಂತೆ ಅದು ತಡೆಯುವ ಬಾರ್ ಇಳಿಯುತ್ತದೆ. ಅಂಗಡಿಯವರು ಸಿಸಿ ಮಾತ್ರ ಹೇಳುತ್ತಾರೆ, ಬಾರ್ ನೀವೇ ಕೇಳಬೇಕು.

ಚೈನ್ ಎಳೆಯುವಾಗ ಸ್ಪ್ರಾಕೆಟ್ ಮೇಲೆ 650 ಕೆಜಿಯಷ್ಟು ಜಗ್ಗುತ್ತದೆ. ಆ ಭಾರವನ್ನು ಮೋಟರ್ ಶಾಫ್ಟ್ ಮೇಲೆ ಹಾಕಬೇಡಿ. ಚಿಕ್ಕ ಸ್ಪ್ರಾಕೆಟ್‌ಗೆ ಎರಡು ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರಿಸಿದ ಗೂಡು) ನಡುವೆ ಬೇರೆ ಶಾಫ್ಟ್ ಕೊಟ್ಟು, ಮೋಟರನ್ನು ಕಪ್ಲಿಂಗ್‌ನಿಂದ ಸೇರಿಸಿ. ಚೈನಿನ ಪಿಚ್, ಅಂದರೆ ಪಿನ್‌ನಿಂದ ಪಿನ್‌ಗೆ ಇರುವ ದೂರ, ಮುಕ್ಕಾಲು ಇಂಚಿಗಿಂತ ಕಡಿಮೆ ಬೇಡ. ಬೈಕ್ ಚೈನ್ ಹಾಕಿ ನಾಲ್ಕೇ ದಿನಕ್ಕೆ ನನ್ನ ಶೆಡ್ಡಿಗೆ ಬಂದವರಿದ್ದಾರೆ. ಸ್ಪ್ರಾಕೆಟ್‌ಗೆ ಶಾಫ್ಟ್ ತೂರುವ ಬೋರು, ಕೀ ಕೂರುವ ಕಚ್ಚು ಯಾವ ಲೇತ್ ಶಾಪಿನಲ್ಲೂ ಆಗುತ್ತದೆ. ನನ್ನ ಹರಿಹರದ ಕಿರ್ಲೋಸ್ಕರ್ ಲೇತ್‌ಗೆ ನನಗಿಂತ ವಯಸ್ಸು ಜಾಸ್ತಿ, ಇಂಥ ಕೆಲಸ ಅಂದರೆ ಅದಕ್ಕೆ ಹಬ್ಬ.

ಇನ್ನು ಆಯಿಲ್ ಹಂಚುವುದು. ಒಂದೇ ಲಿವರ್‌ನಿಂದ ಎರಡೂ ಮೋಟರ್‌ಗೆ ಕವಲು ತೆಗೆದರೆ ಏನಾಗುತ್ತದೆ ಗೊತ್ತಾ? ಭದ್ರಾ ನಾಲೆ ನೀರು ಬಿಟ್ಟಾಗ ತಗ್ಗಿನ ಗದ್ದೆಗೇ ಮೊದಲು ನುಗ್ಗುತ್ತದಲ್ಲ, ಆಯಿಲೂ ಹಾಗೇ. ಒಂದು ಚಕ್ರ ಕೆಸರಿಗೆ ಬಿತ್ತು ಅಂದರೆ ಆಯಿಲೆಲ್ಲ ಆ ಕಡೆ. ಅದು ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಚಕ್ರ ಮಿಸುಕುವುದಿಲ್ಲ. ಅದಕ್ಕೆ ಆಯಿಲನ್ನು ಸಮಪಾಲು ಮಾಡುವ ಫ್ಲೋ ಡಿವೈಡರ್ ಹಾಕಿಸಿ, ಅದರ ಎರಡು ಬಾಯಿಗೆ ಎರಡು ಲಿವರ್ ಕೊಡಿ. ಎಳೆಯುವ ಕೊಂಡಿಯ ಕೆಳಗೆ ತಳ್ಳುಗಾಡಿಗೆ ಇರುವಂಥ ತಿರುಗುವ ಚಕ್ರ ಒಂದು ಇರಲಿ. ಎಡ ಲಿವರ್ ಬಿಟ್ಟು ಬಲದ್ದು ತಳ್ಳಿದರೆ ಎಡಕ್ಕೆ ತಿರುಗುತ್ತದೆ. ಸ್ಟೀರಿಂಗ್ ಖರ್ಚೇ ಇಲ್ಲ.

ಒಂದರಿಂದ ಹೊರಬಂದ ಆಯಿಲ್ ಇನ್ನೊಂದಕ್ಕೆ ಹೋಗುವ ಹಾಗೆ ಎರಡು ಮೋಟರನ್ನು ಒಂದರ ಹಿಂದೆ ಒಂದು ಜೋಡಿಸಿ ಅಂತಲೂ ಯಾರಾದರೂ ಹೇಳಬಹುದು. ವೇಗ ಎರಡು ಪಟ್ಟು, ಎಳೆತ ಅರ್ಧ. ನಿಮಗೆ ಬೇಡದ್ದು ಸಿಕ್ಕಿ, ಬೇಕಾದ್ದು ಹೋಗುತ್ತದೆ.

ಈಗ ಬ್ರೇಕ್. ಇದನ್ನು ನಾನು ಅವಮಾನಪಟ್ಟು ಕಲಿತಿದ್ದು. ಹೊಸದುರ್ಗ ಕಡೆ ಒಂದು ತೆಂಗಿನ ತೋಟಕ್ಕೆ ಇಂಥದ್ದೇ ಯಂತ್ರ ಮಾಡಿಕೊಟ್ಟಿದ್ದೆ. ಲಿವರ್ ಮಧ್ಯಕ್ಕೆ ಬಂದರೆ ವಾಲ್ವ್ ಮುಚ್ಚುತ್ತದೆ, ಆಯಿಲ್ ಎಲ್ಲಿಗೆ ಹೋಗುತ್ತದೆ, ಚಕ್ರ ನಿಂತೇ ನಿಲ್ಲುತ್ತದೆ ಅಂತ ಧೈರ್ಯ. ಇಳಿಜಾರಿನಲ್ಲಿ ನಿಲ್ಲಿಸಿ ಊಟಕ್ಕೆ ಹೋದೆವು. ಎರಡು ಮುದ್ದೆ ಮುಗಿಸಿ ಬರುವಷ್ಟರಲ್ಲಿ ಗಾಡಿ ಅಲ್ಲಿಲ್ಲ. ತಿಪ್ಪೆಗುಂಡಿಯಲ್ಲಿ ಮೂಗು ಊರಿಕೊಂಡು ಕೂತಿತ್ತು. ತೋಟದ ಯಜಮಾನರು ‘ಅದಕ್ಕೂ ಹಸಿವಾಗಿರಬೇಕು ಬಿಡ್ರೀ’ ಅಂದರು. ವಾಲ್ವ್ ಮುಚ್ಚಿದರೂ ಆರ್ಬಿಟ್ ಮೋಟರ್ ಒಳಗೊಳಗೇ ಸೋರುತ್ತದೆ. ಚಕ್ರ ಇಂಚಿಂಚಾಗಿ ಜಾರುತ್ತದೆ. ಆದ್ದರಿಂದ ದೊಡ್ಡ ಸ್ಪ್ರಾಕೆಟ್‌ನಲ್ಲಿ ತೂತು ಕೊರೆಸಿ, ಚಾಸಿಯಿಂದ ಒಂದು ದಪ್ಪ ಪಿನ್ ತೂರುವ ಹಾಗೆ ಮಾಡಿಸಿ. ಚೈನ್ ತುಂಡಾದರೂ ಪಿನ್ ಚಕ್ರವನ್ನೇ ಹಿಡಿದಿರುತ್ತದೆ. ಇಳಿಜಾರು ಇಳಿಯುವಾಗ ಗಾಡಿ ಲಿವರ್ ಮಾತು ಕೇಳದೆ ಓಡದಿರಲು ಎರಡು ಮೋಟರ್‌ಗೂ ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಬೇಕು. ಇಲ್ಲಿ ಮಾತ್ರ ಜಿಪುಣತನ ಬೇಡ.

ಟ್ಯಾಂಕ್ 40 ಲೀಟರ್‌ಗಿಂತ ಕಡಿಮೆ ಇದ್ದರೆ ದೊಡ್ಡದು ಮಾಡಿಸಿ. ಅಗೆಯುವಾಗ ಪಂಪ್‌ಗೆ ನಡುನಡುವೆ ಬಿಡುವು ಸಿಗುತ್ತದೆ, ಓಡುವಾಗ ಸಿಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ 68 ಗ್ರೇಡ್‌ನ ದಪ್ಪ ಆಯಿಲ್ ಇರಲಿ.

ಮಳೆಗಾಲದ ಕೆಸರಿನಲ್ಲಿ ಮೋಟರ್ ಎಷ್ಟೇ ದೊಡ್ಡದಿರಲಿ, ಟೈರ್ ಹಿಡಿಯದಿದ್ದರೆ ಗಾಡಿ ನಿಂತಲ್ಲೇ. ಆಗ ಹಳೆಯ ಹಾಗೆ ಬಕೆಟ್ ಊರಿ ಎಳೆದುಕೊಳ್ಳಿ, ಚಕ್ರವೂ ಜೊತೆಗೆ ತಳ್ಳುತ್ತದೆ.

ಮೋಟರ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, 500 ಕೆಜಿಯದ್ದು ಸಿಕ್ಕರೆ ಒಂದು ದಿನಕ್ಕೆ ಕೇಳಿ ತನ್ನಿ. ಟ್ರಾಕ್ಟರ್‌ಗೂ ಡಿಗ್ಗರ್‌ಗೂ ನಡುವೆ ಅದನ್ನು ಕಟ್ಟಿ, ನಿಮ್ಮ ತೋಟದ ಅತಿ ಕಡಿದಾದ ಜಾಗದಲ್ಲಿ ನಿಧಾನಕ್ಕೆ ಎಳೆಯಿರಿ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಎಷ್ಟು ಕೆಜಿ ತೋರಿಸಿತು ಅಂತ ಬರೆದು ಕಳಿಸಿ. ನನ್ನ 315 ಅಂದಾಜಿನದು, ನಿಮ್ಮದು ನಿಜದ್ದು. 200ರ ಒಳಗೆ ಬಂದರೆ 100 ಸಿಸಿ ಮೋಟರಿನಲ್ಲೇ ಮುಗಿಸೋಣ.