ಗಂಟೆಗೆ 180 ಕಿ.ಮೀ. ದಾಟಿದರೆ ಸ್ಟೇರಿಂಗ್ ಹಗುರ ಆಗೋದು ಯಾಕೆ?

ಹಳೆಯ ರೇಸ್ ಕಾರುಗಳ ರೆಪ್ಲಿಕಾ (ನಕಲು ಕಾರು) ಕಟ್ಟಿಕೊಂಡವರು ಬರೆದ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ನಾನೂ ಇದೇ ಹುಚ್ಚು ಹಿಡಿದವನು. ಹಾಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿ ಅವರಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನದು ಫೋರ್ಡ್ ಜಿಟಿ40 ಅನ್ನುವ 1960ರ ದಶಕದ ರೇಸ್ ಕಾರಿನ ರೆಪ್ಲಿಕಾ, ಫೈಬರ್ ಬಾಡಿ. ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುತ್ತೇನೆ. ಗಂಟೆಗೆ 150 ಕಿ.ಮೀ. ವೇಗದವರೆಗೆ ಏನೂ ತೊಂದರೆ ಇಲ್ಲ. 180 ದಾಟಿದರೆ ಸ್ಟೇರಿಂಗ್ ಹಗುರ ಆಗುತ್ತದೆ, ಕಾರು ತೇಲಿದ ಹಾಗೆ ಅನ್ನಿಸುತ್ತದೆ. ಹಿಂಭಾಗವನ್ನು ಗಾಳಿ ಎತ್ತುತ್ತಿರಬೇಕು ಅಂದುಕೊಂಡು ಹಿಂದಿನ ಸ್ಪಾಯ್ಲರನ್ನು (ಗಾಳಿಯಿಂದ ಕಾರನ್ನು ಕೆಳಕ್ಕೆ ಒತ್ತಿಸುವ ಪಟ್ಟಿ) ಇನ್ನೂ ಎತ್ತರ ಮಾಡಿಸಿದೆ. ಈಗ ಮೊದಲಿಗಿಂತ ಕೆಟ್ಟಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು ಕೊಡಿ. ಇದು ಸರಿಹೋಗುವವರೆಗೆ 150 ದಾಟಬೇಡಿ. ನಿಮ್ಮ ಕಾರು ಹೇಳುತ್ತಿರುವುದು ಸಣ್ಣ ದೂರಲ್ಲ.

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸ್ಟೇರಿಂಗ್ ಹಗುರ ಆಗುತ್ತದೆ ಅಂದರೆ ಮುಂದಿನ ಚಕ್ರಗಳ ಮೇಲಿನ ಭಾರ ಇಳಿಯುತ್ತಿದೆ. ನೋವು ಮುಂದೆ, ನೀವು ಮದ್ದು ಹಚ್ಚಿದ್ದು ಹಿಂದೆ. ಸ್ಪಾಯ್ಲರ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ (ಚಕ್ರಗಳ ಅಚ್ಚು) ಹಿಂದೆ, ಅಲ್ವಾ? ಅದನ್ನು ಗಾಳಿ ಒತ್ತಿದಾಗ ಕಾರು ಏತದ ಹಾಗೆ ಕೆಲಸ ಮಾಡುತ್ತದೆ. ಹಿಂದೆ ತುಳಿದರೆ ಮುಂದೆ ಏಳುತ್ತದೆ. ಲೆಕ್ಕ ಹಾಕಿ ನೋಡಿ. ಜಿಟಿ40ಯ ಎರಡು ಆಕ್ಸಲ್‌ಗಳ ನಡುವೆ ಸುಮಾರು 241 ಸೆಂ.ಮೀ. ಅಂತರ. ಹಿಂದಿನ ಆಕ್ಸಲ್‌ನಿಂದ 80 ಸೆಂ.ಮೀ. ಆಚೆ ಇರುವ ಸ್ಪಾಯ್ಲರ್ ಮೇಲೆ 40 ಕೆಜಿ ಬಿತ್ತು ಅಂದುಕೊಳ್ಳೋಣ. ಹಿಂದಿನ ಚಕ್ರಗಳಿಗೆ 53 ಕೆಜಿ ಸಿಗುತ್ತದೆ. ಆ ಜಾಸ್ತಿ 13 ಕೆಜಿ ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಮೊದಲೇ ಹಗುರ ಆಗಿದ್ದ ಮೂತಿ ಇನ್ನೂ ಹಗುರ ಆಯಿತು.

ನಿಮಗೆ ಹಿಂಭಾಗದ ಮೇಲೆ ಅನುಮಾನ ಬಂದಿದ್ದಕ್ಕೆ ಕಾರಣ ಇದೆ. 1964ರ ಏಪ್ರಿಲ್‌ನಲ್ಲಿ ಲೆ ಮಾನ್ಸ್ (ಫ್ರಾನ್ಸಿನ 24 ಗಂಟೆಯ ರೇಸ್) ಪರೀಕ್ಷಾ ಓಟಕ್ಕೆ ಬಂದ ಎರಡೂ ಜಿಟಿ40ಗಳು ಅಪಘಾತಕ್ಕೆ ಸಿಕ್ಕವು. ವೇಗದಲ್ಲಿ ಹಿಂಭಾಗ ಹಿಡಿತ ಬಿಡುತ್ತಿತ್ತು. ಬಾಲದ ತುದಿಗೆ ಒಂದು ಗಿಡ್ಡ ಸ್ಪಾಯ್ಲರ್ ಕೂರಿಸಿದ ಮೇಲೆ ಕಾರು ನೆಟ್ಟಗಾಯಿತು. ಮುಂದೆ 1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಲೆ ಮಾನ್ಸ್ ಗೆದ್ದಿದ್ದು ಜಿಟಿ40ಯೇ. ಆದರೆ ಆ ಗಿಡ್ಡ ಸ್ಪಾಯ್ಲರ್ ನಿಮ್ಮ ಬಾಡಿಯ ಅಚ್ಚಿನಲ್ಲಿ ಆಗಲೇ ಇದೆ. ಮೊದಲು ಅದನ್ನು ಹಳೆಯ ಎತ್ತರಕ್ಕೇ ತನ್ನಿ.

ರೆಪ್ಲಿಕಾಗಳಲ್ಲಿ ಆಕಾರದ ನಕಲು ಬರುತ್ತದೆ, ನಿಲುವಿನ ನಕಲು ಬರುವುದಿಲ್ಲ. ಜಿಟಿ40 ಅನ್ನುವ ಹೆಸರು ಬಂದಿದ್ದೇ ಅದರ 40 ಇಂಚಿನ ಎತ್ತರದಿಂದ. ನೆಲಕ್ಕೆ ಅಂಟಿಕೊಂಡ ಕಾರು ಅದು. ನಾವು ಕಟ್ಟುವಾಗ ಮೂತಿ ಉಜ್ಜುತ್ತದೆ ಅಂತ ಮುಂದಿನ ಸ್ಪ್ರಿಂಗ್‌ಗಳನ್ನು ಒಂದೆರಡು ಸುತ್ತು ಬಿಗಿ ಮಾಡುತ್ತೇವೆ. ನಾನೂ ಮಾಡಿದ್ದೆ. ಒಂದು ದಿನ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ನನ್ನ ತೂಕದ ಮರಳುಚೀಲ ಇಟ್ಟು, ಚಾಸಿಯ (ಕಾರಿನ ಕೆಳಗಿನ ಚೌಕಟ್ಟು) ಅಡಿ ನೆಲದಿಂದ ಎಷ್ಟು ಎತ್ತರ ಅಂತ ಅಳೆದೆ. ಹಿಂದಕ್ಕಿಂತ ಮುಂದೆ 12 ಮಿ.ಮೀ. ಎತ್ತರ ಇತ್ತು! ಕಣ್ಣಿಗೆ ಕಾಣುವಷ್ಟೇನಲ್ಲ. ಆದರೆ ಕಾರಿನ ಇಡೀ ಹೊಟ್ಟೆ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಮೂತಿ ಎದ್ದಷ್ಟೂ ಅಡಿಗೆ ಗಾಳಿ ಜಾಸ್ತಿ ನುಗ್ಗುತ್ತದೆ, ನುಗ್ಗಿದ ಗಾಳಿ ಮೂತಿಯನ್ನು ಇನ್ನೂ ಎತ್ತುತ್ತದೆ. ಮುಂಭಾಗ ಹಿಂದಕ್ಕಿಂತ 10 ಮಿ.ಮೀ. ಕೆಳಗೆ ಬರುವ ಹಾಗೆ ಇಳಿಸಿದೆ. ಅದೇ ಟ್ರ್ಯಾಕ್, ಅದೇ ಟಯರ್. ಸ್ಟೇರಿಂಗ್‌ಗೆ ಜೀವ ಬಂತು.

ಆಮೇಲೆ ರೇಡಿಯೇಟರ್. ಈ ಕಾರಿನಲ್ಲಿ ಅದು ಮೂತಿಯ ಒಳಗಿದೆ. ಬಾಯಿಂದ ಒಳಗೆ ಹೋದ ಗಾಳಿ ರೇಡಿಯೇಟರ್ ದಾಟಿ, ಮುಂದಿನ ಮುಚ್ಚಳದ ಮೇಲಿರುವ ಎರಡು ಕಿಂಡಿಗಳಿಂದ ಹೊರಗೆ ಹೋಗಬೇಕು. ಹಾಗೆ ಮೇಲಕ್ಕೆ ಹೋದ ಗಾಳಿ ಮೂತಿಯನ್ನು ಒತ್ತಿ ಹಿಡಿಯುತ್ತದೆ. ಹೋಗುತ್ತಿದೆಯಾ ನೋಡಿ. ನನ್ನ ಕಾರಿನ ಮೂತಿಯೊಳಗೆ ಕೈ ಹಾಕಿದಾಗ ರೇಡಿಯೇಟರ್ ಕೆಳಗೆ ನಾಲ್ಕು ಬೆರಳು ಸಲೀಸಾಗಿ ಹೋದವು. ಎರಡೂ ಪಕ್ಕದಲ್ಲೂ ಸಂದು. ಮುಂದಿನ ಚಕ್ರದ ಗೂಡಿನ ಒಳಗೋಡೆಯ ಮೇಲೆ ಆ ಸಂದಿನ ನೇರಕ್ಕೇ ದೂಳಿನ ಗೆರೆ ಎಳೆದಿತ್ತು. ಗಾಳಿ ಅಲ್ಲಿಂದ ಸೋರಿ, ಚಕ್ರದ ಗೂಡು ತುಂಬಿ, ಒಳಗಿಂದ ಬಾಡಿಯನ್ನು ಎತ್ತುತ್ತಿತ್ತು. ತೆಳು ಅಲ್ಯುಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಫೋಮ್ ಅಂಟಿಸಿ, ಸಂದುಗಳನ್ನೆಲ್ಲ ಮುಚ್ಚಿದೆ. ಎರಡು ಸಂಜೆಯ ಕೆಲಸ. ಎಂಜಿನ್ ಬಿಸಿಯೂ ಇಳಿಯಿತು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮೂಲ ಕಾರಿನ ಅಂದ ಉಳಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಇನ್ನೊಂದು ಪರೀಕ್ಷೆ ಬಿಡಬೇಡಿ. ಮುಂದಿನ ಸ್ಪ್ರಿಂಗ್ ತೆಗೆದು, ಜಾಕ್‌ನಿಂದ ಚಕ್ರವನ್ನು 20 ಮಿ.ಮೀ. ಮೇಲೆ, 20 ಮಿ.ಮೀ. ಕೆಳಗೆ ಆಡಿಸಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಎಷ್ಟು ಬದಲಾಗುತ್ತದೆ ಅಳೆಯಿರಿ. ಬೇರೆ ಕಾರಿನ ಸ್ಟೇರಿಂಗ್ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಭಾಗ) ತಂದು ಕೂರಿಸಿದ ಕಾರುಗಳಲ್ಲಿ ಇದು ಬೇಗ ಕೆಡುತ್ತದೆ. ಹಾಗಿದ್ದರೆ ವೇಗದಲ್ಲಿ ಮೂತಿ ಎದ್ದ ತಕ್ಷಣ ಚಕ್ರಗಳು ತಾವೇ ತಿರುಗುತ್ತವೆ. ನೀವು ತೇಲಾಟ ಅನ್ನುತ್ತಿರುವುದರಲ್ಲಿ ಒಂದು ಪಾಲು ಇದೇ ಇರಬಹುದು. ರ‍್ಯಾಕ್‌ನ ಎತ್ತರ ಸರಿಮಾಡಿದರೆ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ಮೂತಿ ಹಗುರ ಇದ್ದರೆ ಮಾತ್ರ ಸ್ಪ್ಲಿಟರ್, ಅಂದರೆ ಮೂತಿಯ ಅಡಿಯಲ್ಲಿ ಮುಂದಕ್ಕೆ ಚಾಚಿದ ಹಲಗೆ. ಅದನ್ನು ಫೈಬರ್‌ಗೆ ಸ್ಕ್ರೂ ಹಾಕಿ ನಿಲ್ಲಿಸಬೇಡಿ. ಚಾಸಿಗೆ ಕಟ್ಟಿ. 200ರಲ್ಲಿ ಎದುರು ಗಾಳಿಯ ಪೂರ್ತಿ ಒತ್ತಡ ಒಂದು ಚದರ ಮೀಟರಿಗೆ 190 ಕೆಜಿ ದಾಟುತ್ತದೆ. ನೀವು ಮೇಲೆ ನಿಂತರೂ ಬಗ್ಗದ ಸ್ಪ್ಲಿಟರ್ ಆದರೆ ಹಾಕಿ, ಇಲ್ಲದಿದ್ದರೆ ಬೇಡ.

ಪ್ರಶ್ನೆ: ನಮ್ಮ ರೆಪ್ಲಿಕಾ ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಓಡುತ್ತದೆ. ಟಯರಿನ ಗುಂಡಿಗಳು (ನೆಲ ಹಿಡಿಯುವ ಉಬ್ಬುಗಳು) ಹೊಸದರ ಹಾಗೇ ಇವೆ. ಬದಲಾಯಿಸಬೇಕಾ?

ಉತ್ತರ: ಗುಂಡಿ ನೋಡಬೇಡಿ, ಹುಟ್ಟಿದ ದಿನ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2315 ಅಂದರೆ 2015ರ 23ನೇ ವಾರ ತಯಾರಾದದ್ದು. ನಿಂತಲ್ಲೇ ನಿಂತರೂ ರಬ್ಬರ್ ಗಟ್ಟಿಯಾಗುತ್ತದೆ. ಅಷ್ಟು ಹಳೆಯದಾದರೆ ನಾನು ಅದರ ಮೇಲೆ ವೇಗಕ್ಕೆ ಹೋಗುವುದಿಲ್ಲ. ಜೊತೆಗೆ ವೇಗದ ಅಕ್ಷರವನ್ನೂ ಓದಿ. ಟಿ ಅಂದರೆ 190, ಎಚ್ ಅಂದರೆ 210, ವಿ ಅಂದರೆ 240 ಕಿ.ಮೀ. ಹಳೆಯ ಕಾಲದ ನೋಟಕ್ಕಾಗಿ ತಂದ ಟಯರುಗಳಲ್ಲಿ ಈ ಅಕ್ಷರ ನೋಡುವುದನ್ನು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ಸರ್, ಗಾಳಿ ಎಲ್ಲಿ ಹೋಗುತ್ತದೆ ಅಂತ ವಿಂಡ್ ಟನಲ್ (ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಇಲ್ಲದೆ ತಿಳಿಯೋದು ಹೇಗೆ? ನನ್ನದು ಪೋರ್ಷೆ 917 ರೇಸ್ ಕಾರಿನ ಆಕಾರದ ಕಾರು.

ಉತ್ತರ: ನಿಮ್ಮ ಕಾರಿನ ಇತಿಹಾಸದಲ್ಲೇ ಇದಕ್ಕೆ ಉತ್ತರ ಇದೆ. ನನಗೆ ಬಹಳ ಇಷ್ಟವಾದ ಕಥೆ. 1969ರಲ್ಲಿ ಬಂದ 917 ನೇರ ದಾರಿಯಲ್ಲೂ ನೆಟ್ಟಗೆ ಹೋಗುತ್ತಿರಲಿಲ್ಲ. ಅನುಭವ ಇದ್ದ ಚಾಲಕರೇ ಹೆದರುತ್ತಿದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕ್‌ನಲ್ಲಿ ಪರೀಕ್ಷೆ ನಡೆಯಿತು. ಪೋರ್ಷೆಗಾಗಿ ಆ ಕಾರನ್ನು ರೇಸ್‌ಗೆ ಇಳಿಸಲಿದ್ದ ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ನಿಂತಿದ್ದ ಕಾರನ್ನು ಸುಮ್ನೆ ನೋಡುತ್ತಿದ್ದರು. ಮುಂಭಾಗದ ಮೇಲೆಲ್ಲ ಸತ್ತ ಹುಳಗಳು ಮೆತ್ತಿಕೊಂಡಿದ್ದವು. ಬಾಲದ ಸ್ಪಾಯ್ಲರ್ ಮೇಲೆ ಒಂದೂ ಇಲ್ಲ. ಹುಳ ಬರಲಿಲ್ಲ ಅಂದರೆ ಗಾಳಿಯೂ ಅಲ್ಲಿಗೆ ಬರುತ್ತಿಲ್ಲ! ಅಲ್ಲೇ ಅಲ್ಯುಮಿನಿಯಂ ತಗಡು ಕತ್ತರಿಸಿ, ಬಾಲವನ್ನು ಗಿಡ್ಡ ಮಾಡಿ ಎತ್ತರಿಸಿದರು. ಕಾರು ಪಳಗಿತು. ಆ ಗಿಡ್ಡ ಬಾಲದ 917 ಮುಂದಿನ ವರ್ಷವೇ, 1970ರಲ್ಲಿ, ಪೋರ್ಷೆಗೆ ಮೊದಲ ಲೆ ಮಾನ್ಸ್ ಗೆಲುವು ತಂದುಕೊಟ್ಟಿತು.

ಹುಳಗಳಿಗಾಗಿ ಕಾಯುವುದು ಬೇಡ. ಉಲ್ಲನ್ ದಾರ ತೆಗೆದುಕೊಳ್ಳಿ. ಬೆರಳುದ್ದದ ತುಂಡು ಮಾಡಿ, ಒಂದು ತುದಿಯನ್ನು ಮಾತ್ರ ಟೇಪ್‌ನಿಂದ ಬಾಡಿಗೆ ಅಂಟಿಸಿ. ಮುಂದಿನ ಗಾಜಿನ ಹಿಂದಿನಿಂದ ಬಾಲದ ತುದಿಯವರೆಗೆ ಸಾಲುಸಾಲಾಗಿ. ಟ್ರ್ಯಾಕ್‌ನಲ್ಲಿ ಪಕ್ಕದ ಕಾರಿನಿಂದ ಒಬ್ಬರು ವಿಡಿಯೋ ಮಾಡಲಿ. 100 ಕಿ.ಮೀ. ಸಾಕು. ದಾರ ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಗಾಳಿ ಮೈಗೆ ಅಂಟಿಕೊಂಡು ಹೋಗುತ್ತಿದೆ. ಒದ್ದಾಡುತ್ತಿದ್ದರೆ, ಮುಂದಕ್ಕೆ ತಿರುಗಿದ್ದರೆ, ಗಾಳಿ ಅಲ್ಲಿ ಮೈ ಬಿಟ್ಟಿದೆ. ಅಂಥ ಜಾಗದಲ್ಲಿ ಇಟ್ಟ ಸ್ಪಾಯ್ಲರ್ ಹೆಚ್ಚು ಕೆಲಸ ಮಾಡುವುದಿಲ್ಲ.

ಎಷ್ಟು ಒತ್ತಡ ಅಂತ ತಿಳಿಯಲು ನಾನು ಬಳಸುವುದು ಒಂದು ಪಾರದರ್ಶಕ ಪ್ಲಾಸ್ಟಿಕ್ ಪೈಪು, ಸ್ವಲ್ಪ ಬಣ್ಣದ ನೀರು. ಪೈಪನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಹಲಗೆಗೆ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿ, ಪಕ್ಕದ ಸೀಟಿನಲ್ಲಿ ಕೂತವರ ಕೈಗೆ ಕೊಡಿ. ಒಂದು ತುದಿ ಬಾನೆಟ್ ಮೇಲೆ, ಇನ್ನೊಂದು ಅದೇ ಜಾಗದ ಕೆಳಗೆ. ಪೈಪಿನ ಬಾಯಿ ಗಾಳಿಗೆ ಎದುರಾಗಿ ಇರಬಾರದು, ಅಡ್ಡವಾಗಿ ಮಲಗಿರಬೇಕು. ಈ ಅಳತೆಯ ಸೊಗಸು ನೋಡಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 1 ಮಿ.ಮೀ. ವ್ಯತ್ಯಾಸ ಬಂದರೆ ಒಂದು ಚದರ ಮೀಟರಿಗೆ 1 ಕೆಜಿ ಬಲ. ಲೆಕ್ಕವೇ ಬೇಡ. ಮೇಲಿನ ತುದಿಗೆ ಸೇರಿದ ಕಡೆ ನೀರು ಏರಿ, ವ್ಯತ್ಯಾಸ 40 ಮಿ.ಮೀ. ಬಂತು ಅಂದರೆ, ಆ ಬಾನೆಟ್ ಮುಕ್ಕಾಲು ಚದರ ಮೀಟರ್ ಇದ್ದರೆ, ಗಾಳಿ ಅದನ್ನು ಸುಮಾರು 30 ಕೆಜಿ ಬಲದಿಂದ ಎತ್ತುತ್ತಿದೆ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು. ಫೈಬರ್ ಮುಚ್ಚಳದ ಕೊಂಡಿಗಳು ಯಾಕೆ ಕಿತ್ತುಬರುತ್ತವೆ ಅಂತ ನನಗೆ ಅರ್ಥವಾಗಿದ್ದು ಆ ನೀರು ಏರಿದ್ದನ್ನು ಕಣ್ಣಾರೆ ನೋಡಿದಾಗ.

ಅಲ್ಲಲ್ಲೇ ಅಳೆಯುತ್ತಾ ಹೋದರೆ ಕಿಂಡಿ ಎಲ್ಲಿ ಕೊರೆಯಬೇಕು ಅಂತಲೂ ಗೊತ್ತಾಗುತ್ತದೆ. ಮುಂದಿನ ಚಕ್ರದ ಗೂಡಿನ ನೆತ್ತಿ ಒಳ್ಳೆಯ ಜಾಗ, ಅಲ್ಲಿ ಹೊರಗಿನ ಒತ್ತಡ ಕಡಿಮೆ. ಮುಂದಿನ ಗಾಜಿನ ಬುಡದಲ್ಲಿ ಮಾತ್ರ ಬೇಡ. ಅಲ್ಲಿ ಒತ್ತಡ ಜಾಸ್ತಿ, ಬಿಸಿ ಗಾಳಿ ಹೊರಗೆ ಹೋಗುವ ಬದಲು ಹೊರಗಿನದು ಒಳಗೆ ಬರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ನಾನು ಒಮ್ಮೆ ಒಂದೇ ದಿನ ಮೂರು ಬದಲಾಯಿಸಿ, ಯಾವುದು ಕೆಲಸ ಮಾಡಿತು ಅಂತ ತಿಳಿಯದೆ, ಮೂರನ್ನೂ ಕಳಚಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಪ್ರಶ್ನೆ: ನನ್ನದು ಮಾಡು ಇಲ್ಲದ, ತೆರೆದ ಕೋಬ್ರಾ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ. 200ರ ಹತ್ತಿರ ಗೋಡೆಗೆ ತಾಗಿದ ಹಾಗೆ ಆಗುತ್ತದೆ, ವೇಗ ಮುಂದೆ ಏರುವುದಿಲ್ಲ. ಹಿಂದೆ ದೊಡ್ಡ ವಿಂಗ್ (ಎತ್ತರಕ್ಕೆ ನಿಲ್ಲಿಸುವ ರೆಕ್ಕೆ) ಹಾಕಿದರೆ ಹೇಗೆ?

ಉತ್ತರ: ವಿಂಗ್ ಬೇಡ. ತೆರೆದ ಕಾಕ್‌ಪಿಟ್ ದಾಟಿ ಬರುವ ಗಾಳಿ ಸುಳಿಸುಳಿಯಾಗಿ ಕಲಕಿಹೋಗಿರುತ್ತದೆ. ಅದರ ಹಿಂದೆ ನಿಂತ ವಿಂಗ್‌ಗೆ ಶುದ್ಧ ಗಾಳಿ ಸಿಗುವುದಿಲ್ಲ, ಎಳೆತ ಮಾತ್ರ ಜಾಸ್ತಿ ಆಗುತ್ತದೆ. ಮೂಲ ಕೋಬ್ರಾ ತಂಡಕ್ಕೂ ಇದೇ ಗೋಡೆ ಅಡ್ಡ ಬಂದಿತ್ತು. ಲೆ ಮಾನ್ಸ್‌ನ ಉದ್ದದ ನೇರ ದಾರಿಯಲ್ಲಿ ತೆರೆದ ಕಾರು 255 ಕಿ.ಮೀ. ಆಸುಪಾಸಿನಲ್ಲಿ ಸುಸ್ತಾಗುತ್ತಿತ್ತು. ವಿನ್ಯಾಸಕಾರ ಪೀಟರ್ ಬ್ರಾಕ್ ಅದೇ ಎಂಜಿನ್ ಇಟ್ಟುಕೊಂಡು, ಮುಚ್ಚಿದ ಮಾಡು, ಕತ್ತರಿಸಿದ ಬಾಲ ಇರುವ ಡೇಟೋನಾ ಕೂಪ್ ಕಾರಿನ ಚಿತ್ರ ಬಿಡಿಸಿ ವಿನ್ಯಾಸ ಮಾಡಿದರು. ವೇಗ 300ರ ಹತ್ತಿರ ಹೋಯಿತು. 1964ರಲ್ಲಿ ಲೆ ಮಾನ್ಸ್‌ನ ಜಿಟಿ ವಿಭಾಗವನ್ನು ಅದು ಗೆದ್ದಿತು. ಅಂದರೆ ಆ ಗೋಡೆ ದಾಟಲು ಅವರಿಗೂ ಬೇರೆ ಬಾಡಿಯೇ ಬೇಕಾಯಿತು.

ನಿಮ್ಮ ಬಾಡಿ ನನಗೆ ಹಾಗೇ ಚೆಂದ. ವೇಗದ ಆಸೆ ಬಿಟ್ಟು, ಇರುವ ವೇಗದಲ್ಲಿ ಕಾರು ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿ. ಮುಂದಿನ ಚಕ್ರದ ಹಿಂದೆ, ಪಕ್ಕದಲ್ಲಿರುವ ಕಿಂಡಿಗಳನ್ನು ನೋಡಿ. ಎಷ್ಟೋ ರೆಪ್ಲಿಕಾಗಳಲ್ಲಿ ಅವು ಬರೀ ಅಲಂಕಾರಕ್ಕೆ, ಹಿಂದೆ ಫೈಬರ್ ಮುಚ್ಚಿರುತ್ತದೆ. ಕತ್ತರಿಸಿ ತೆರೆಯಿರಿ. ಎಂಜಿನ್ ಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿಗೆ ದಾರಿ ಸಿಕ್ಕರೆ ಮೂತಿ ಏಳುವುದು ಕಡಿಮೆ ಆಗುತ್ತದೆ. ಹಿಂದಿನ ಚಕ್ರಗಳಿಗೆ ಸ್ವಲ್ಪ ಟೋ-ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವುದು) ಇದೆಯಾ ಅಂತ ಅಳೆಸಿ. ಮುಂದಿನ ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಒಂದೆರಡು ಡಿಗ್ರಿ ಜಾಸ್ತಿ ಮಾಡಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಹೆಚ್ಚುತ್ತದೆ. ನಿಧಾನಕ್ಕೆ ತಿರುಗಿಸುವಾಗ ಮಾತ್ರ ತೋಳಿಗೆ ಭಾರ ಗೊತ್ತಾಗುತ್ತದೆ.

ಮೊದಲ ಪತ್ರದವರು ಚಾಸಿಯ ಅಡಿಯ ನಾಲ್ಕು ಮೂಲೆಯ ಅಳತೆ, ಟೋ ಬದಲಾವಣೆಯ ಅಳತೆ, ಎರಡನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.