ಉಡುಪಿಯಿಂದ ಗೋಕರ್ಣಕ್ಕೆ: ಒಂದು ಹಗಲಿನಲ್ಲಿ ಎಲ್ಲೆಲ್ಲಿ ಇಳಿಯಬಹುದು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಉಡುಪಿಯಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಬೆಳಿಗ್ಗೆ ಹೊರಟು ಸೂರ್ಯಾಸ್ತದ ಹೊತ್ತಿಗೆ ಗೋಕರ್ಣ ತಲುಪಬೇಕು. ಜೊತೆಯಲ್ಲಿ ಮಂಡಿನೋವಿರುವ ತಾಯಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಸೇಂಟ್ ಮೇರೀಸ್ ದ್ವೀಪ, ಮರವಂತೆ, ಕೊಲ್ಲೂರು, ಒತ್ತಿನೆಣೆ, ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಜೋಗ, ಮಿರ್ಜಾನ್ ಕೋಟೆ ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಎಲ್ಲವನ್ನೂ ನೋಡಲಾದೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುವುದಿಲ್ಲ. ಉಡುಪಿಯಿಂದ ಗೋಕರ್ಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 180 ಕಿ.ಮೀ. ದಾರಿ. ಎಲ್ಲಿಯೂ ಇಳಿಯದೆ ಹೋದರೂ ಪೇಟೆಗಳ ದಟ್ಟಣೆ ಮತ್ತು ಟೋಲ್ ಸೇರಿ ನಾಲ್ಕು ಗಂಟೆ ಬೇಕೆಂದು ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ, ಏಳಕ್ಕೆ ಹೊರಟರೂ ಊಟ, ತಿಂಡಿ, ವಾಹನ ನಿಲ್ಲಿಸಲು ಜಾಗ ಹುಡುಕುವುದು ಎಲ್ಲ ಕಳೆದು ನಿಮ್ಮ ಕೈಯಲ್ಲಿ ಉಳಿಯುವುದು ನಾಲ್ಕು ತಾಣಗಳಿಗೆ ಸಾಲುವಷ್ಟು ಸಮಯ ಮಾತ್ರ. ಆದ್ದರಿಂದ ಮೊದಲು ಮೂರು ಹೆಸರುಗಳನ್ನು ಹೊಡೆದುಹಾಕಿ. ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಲು ಮಲ್ಪೆಯಿಂದ ದೋಣಿ ಹಿಡಿಯಬೇಕು. ಅದಕ್ಕೇ ಅರ್ಧ ದಿನ ಹೋಗುತ್ತದೆ. ಕೊಲ್ಲೂರಿಗೆ ಹೆದ್ದಾರಿ ಬಿಟ್ಟು ಘಟ್ಟದ ಬುಡದವರೆಗೆ ಹೋಗಬೇಕು, ರಜೆಯ ದಿನಗಳಲ್ಲಿ ದರ್ಶನದ ಸರದಿ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದು. ಜೋಗವಂತೂ ಹೊನ್ನಾವರದಿಂದ ಘಟ್ಟ ಹತ್ತಿ ಹೋಗುವ ಬೇರೆಯದೇ ಪ್ರವಾಸ.

ಉಳಿದವುಗಳನ್ನು ಯಾವುದು ಹೆಚ್ಚು ಪ್ರಸಿದ್ಧ ಎಂದು ನೋಡಿ ಆರಿಸಬೇಡಿ, ಯಾವ ಹೊತ್ತಿಗೆ ಯಾವುದು ಚೆನ್ನ ಎಂದು ನೋಡಿ ಆರಿಸಿ. ಉಡುಪಿಯಲ್ಲಿಯೇ ಬನ್ಸ್, ಇಡ್ಲಿ ತಿಂದು ಹೊರಟರೆ ಎಂಟೂಕಾಲರ ಆಸುಪಾಸಿಗೆ ಮರವಂತೆಯಲ್ಲಿರುತ್ತೀರಿ. ಅಲ್ಲಿ ರಸ್ತೆಯ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ಅದರಾಚೆ ಕೊಡಚಾದ್ರಿಯ ಸಾಲು. ಬೆಳಗಿನ ಬಿಸಿಲು ಪೂರ್ವದಿಂದ ಬೀಳುವ ಕಾರಣ ಆ ಹೊತ್ತಿನಲ್ಲಿ ಸಮುದ್ರದ ಬಣ್ಣ ತೆರೆತೆರೆಯಾಗಿ ಕಾಣುತ್ತದೆ. ಸಂಜೆಯಾದರೆ ಬೆಳಕು ಕಣ್ಣಿಗೇ ಹೊಡೆಯುತ್ತದೆ. ನದಿಯ ದಡದಲ್ಲಿರುವ ವರಾಹ ದೇವಸ್ಥಾನಕ್ಕೂ ಒಂದು ಗಳಿಗೆ ಹೋಗಿಬನ್ನಿ. ಆದರೆ ಮಕ್ಕಳನ್ನು ಇಲ್ಲಿ ನೀರಿಗೆ ಇಳಿಸಬೇಡಿ, ದಡ ಕಡಿದಾಗಿದೆ, ಸೆಳೆತ ಹೆಚ್ಚು. ಬೈಂದೂರಿನ ಒತ್ತಿನೆಣೆ ಸೂರ್ಯಾಸ್ತಕ್ಕೆ ಹೇಳಿಮಾಡಿಸಿದ ಗುಡ್ಡ, ಬೆಳಿಗ್ಗೆ ಅಲ್ಲಿ ನಿಲ್ಲುವುದರಲ್ಲಿ ವಿಶೇಷವಿಲ್ಲ.

ಮುರ್ಡೇಶ್ವರವನ್ನು ಹತ್ತು ಗಂಟೆಯೊಳಗೆ ಮುಟ್ಟುವುದು ಜಾಣತನ. ಮಧ್ಯಾಹ್ನ ಕೆಲಹೊತ್ತು ದೇವಸ್ಥಾನದ ಬಾಗಿಲು ಹಾಕಿರುತ್ತದೆ, ಕಲ್ಲುಹಾಸಿನ ಮೇಲೆ ಬರಿಗಾಲಿಡಲಾಗದಷ್ಟು ಬಿಸಿಲೂ ಏರಿರುತ್ತದೆ. 123 ಅಡಿಯ ಶಿವನ ವಿಗ್ರಹದ ಬಳಿಗೆ ಮೆಟ್ಟಿಲು ಹತ್ತಬೇಕಾದರೂ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ನಿಮ್ಮ ತಾಯಿಯವರೂ ಮೇಲಿನ ಕಿಟಕಿಯಿಂದ ವಿಗ್ರಹವನ್ನೂ ಮೂರು ಕಡೆ ಸಮುದ್ರ ಸುತ್ತಿದ ಕಂದುಕಗಿರಿಯನ್ನೂ ಆರಾಮವಾಗಿ ನೋಡಬಹುದು. ಲಿಫ್ಟಿನ ಸರದಿ ಉದ್ದವಾಗುವ ಮೊದಲೇ ಟಿಕೆಟ್ ತೆಗೆದುಕೊಂಡು, ಮಿಕ್ಕಿದ್ದನ್ನು ಆಮೇಲೆ ನೋಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರು ಇಲ್ಲಿಯ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಜೀವರಕ್ಷಕರು ತೋರಿಸಿದ ಗೆರೆಯನ್ನು ದಾಟದಂತೆ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಇಡಗುಂಜಿಯ ದ್ವಿಭುಜ ಗಣಪತಿಗೆ ಹರಕೆಯಿದ್ದರೆ ಹೋಗಿ, ಪಂಚಕಜ್ಜಾಯವನ್ನೂ ಮರೆಯದೆ ತನ್ನಿ. ಇಲ್ಲವಾದರೆ ಆ ಸಮಯವನ್ನು ಹೊನ್ನಾವರಕ್ಕೆ ಮೊದಲು ಸಿಗುವ ಕಾಸರಕೋಡಿಗೆ ಉಳಿಸಿಕೊಳ್ಳಿ. ಅಪ್ಸರಕೊಂಡದ ಜಲಪಾತಕ್ಕೆ ಮೆಟ್ಟಿಲಿಳಿಯಬೇಕು, ಮಂಡಿನೋವಿದ್ದವರಿಗೆ ಅದು ಹೇಳಿದ್ದಲ್ಲ. ಅದರ ಬದಲು ಅಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ಹಾಕಿರುವ ಮರದ ಕಾಲುದಾರಿ ಸಮತಟ್ಟಾಗಿದೆ, ಮೇಲೆ ನೆರಳೂ ಇದೆ. ನೀರು ಇಳಿತದಲ್ಲಿದ್ದರೆ ಕೆಸರಿನಿಂದ ಮೇಲೆದ್ದು ನಿಂತ ಉಸಿರುಬೇರುಗಳ ನಡುವೆ ಏಡಿಗಳು ಬಿಲದಿಂದ ಬಿಲಕ್ಕೆ ಓಡುವುದನ್ನು ಮಕ್ಕಳು ಬಗ್ಗಿ ನೋಡುತ್ತ ನಿಂತುಬಿಡುತ್ತಾರೆ, ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಇಡೀ ದಾರಿಯಲ್ಲಿ ಮಕ್ಕಳಿಗೆ ಅತಿ ಹೆಚ್ಚು ಖುಷಿ ಕೊಡುವ ಜಾಗ ನನ್ನ ಲೆಕ್ಕದಲ್ಲಿ ಇದೇ, ಹಾಗಾಗಿ ಇಲ್ಲಿ ಗಡಿಬಿಡಿ ಬೇಡ. ಆಟವಾಡಲು ಪಕ್ಕದಲ್ಲಿಯೇ ಕಾಸರಕೋಡು ಕಡಲತೀರವಿದೆ; 2020ರಲ್ಲಿ ಪಡುಬಿದ್ರಿಯ ಜೊತೆಗೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು ಇದು. ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಊಟ ಮುಗಿಸಿ. ಮೀನು ತಿನ್ನುವವರಾದರೆ ಮೀನೂಟವನ್ನೇ ಕೇಳಿ.

ಕೊನೆಯದು ಮಿರ್ಜಾನ್ ಕೋಟೆ. ಕುಮಟಾ ದಾಟಿದ ಮೇಲೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಜಂಬಿಟ್ಟಿಗೆಯ ಕೋಟೆ, ಅಘನಾಶಿನಿಯ ದಡದಿಂದ ಕಾಳುಮೆಣಸು ಹಡಗು ಹತ್ತುತ್ತಿದ್ದ ಕಾಲದ್ದು. ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಮಕ್ಕಳಿಗೆ ಈ ಕಥೆಯನ್ನು ಕಾರಿನಲ್ಲಿಯೇ ಹೇಳಿಬಿಟ್ಟರೆ ಒಳಗಿನ ಬಾವಿ, ಬುರುಜುಗಳನ್ನು ಅವರೇ ಹುಡುಕಿಕೊಂಡು ಓಡಾಡುತ್ತಾರೆ. ಮೂರೂವರೆಯ ನಂತರ ಬಿಸಿಲು ಓರೆಯಾದಾಗ ಕೆಂಪು ಗೋಡೆಗಳು ಚೆನ್ನಾಗಿ ಕಾಣುತ್ತವೆ. ನಾಲ್ಕೂವರೆಗೆ ಹೊರಟು ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಬೆಳಕಿರುವಾಗಲೇ ಗೋಕರ್ಣ ಸೇರುತ್ತೀರಿ. ಓಂ ಬೀಚಿಗೆ ಮೆಟ್ಟಿಲಿಳಿಯಬೇಕಾದ್ದರಿಂದ, ತಾಯಿಯವರನ್ನು ದೇವಸ್ಥಾನದ ಸಮೀಪದ ಊರ ಕಡಲತೀರಕ್ಕೇ ಕರೆದೊಯ್ಯಿರಿ. ಸೂರ್ಯ ಅಲ್ಲಿಯೂ ಮುಳುಗುತ್ತಾನೆ.

ಪ್ರಶ್ನೆ: ಇದೇ ದಾರಿಯನ್ನು ನಾವು ಗೋಕರ್ಣದಿಂದ ಉಡುಪಿಯ ಕಡೆಗೆ ಮಾಡುವವರಿದ್ದೇವೆ. ವ್ಯತ್ಯಾಸವೇನಾದರೂ ಇದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದೆ. ಉತ್ತರಕ್ಕೆ ಹೋಗುವಾಗ ಸಮುದ್ರ ನಿಮ್ಮ ಎಡಬದಿಗೇ ಇರುವುದರಿಂದ ಗಾಡಿಯನ್ನು ಸುಲಭವಾಗಿ ಬದಿಗೆ ಹಾಕಬಹುದು. ದಕ್ಷಿಣಕ್ಕೆ ಬರುವಾಗ ಅದು ಬಲಕ್ಕೆ, ನಾಲ್ಕು ಪಥದ ರಸ್ತೆಯಾಚೆ ಇರುತ್ತದೆ. ಮರವಂತೆಯಲ್ಲಿ ಮುಂದೆ ಹೋಗಿ ತಿರುಗಿಸಿಕೊಂಡೇ ಬನ್ನಿ, ವೇಗವಾಗಿ ಬರುವ ಲಾರಿಗಳ ನಡುವೆ ಮಕ್ಕಳ ಕೈ ಹಿಡಿದು ರಸ್ತೆ ದಾಟಬೇಡಿ. ಕ್ರಮವೂ ತಿರುವುಮುರುವಾಗುತ್ತದೆ: ಮಿರ್ಜಾನ್ ಬೆಳಿಗ್ಗೆ, ಸೂರ್ಯಾಸ್ತ ಒತ್ತಿನೆಣೆಯಲ್ಲಿ. ಬೇಸಿಗೆಯಲ್ಲಿ ಬರುವವರಾದರೆ ಕುಮಟಾದ ಹಂದಿಗೋಣ, ಅಳ್ವೇಕೋಡಿಯ ಬಳಿ ಹೆದ್ದಾರಿಯ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ. ಮನೆಗೆ ತಂದ ಮೇಲೂ ಗೊಂಚಲನ್ನು ಬಿಚ್ಚದೆ ಗಾಳಿಯಾಡುವಲ್ಲಿ ತೂಗುಹಾಕಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಈ ದಾರಿ ಇನ್ನೂ ಸುಂದರ ಎನ್ನುತ್ತಾರೆ. ಜುಲೈನಲ್ಲಿ ಹೋಗಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಹಸಿರಿಗಾಗಿ ಹೋಗಬಹುದು, ಕಡಲಿಗಾಗಿ ಅಲ್ಲ. ಪಾಚಿ ಹಿಡಿದ ಮಿರ್ಜಾನ್ ಕೋಟೆ, ತುಂಬಿದ ಅಪ್ಸರಕೊಂಡ ಆಗಲೇ ಚೆನ್ನ, ಆದರೆ ಕಡಲಿಗೆ ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನೂ ಕಡಿಮೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಆ ಶಿರೂರು ಮಾದನಗೇರಿಯಿಂದ ಮುಂದಿದೆ. ಬೈಂದೂರಿನ ಬಳಿ ಟೋಲ್ ಇರುವ ಶಿರೂರು ಬೇರೆ. ಹೊರಡುವ ದಿನ ಹವಾಮಾನ ಇಲಾಖೆ ಉಡುಪಿ ಅಥವಾ ಉತ್ತರ ಕನ್ನಡ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟಿದ್ದರೆ ಪ್ರಯಾಣ ಮುಂದೂಡಿ. ಗುಡ್ಡ ಕಡಿದು ರಸ್ತೆ ಮಾಡಿರುವ ಕಡೆಗಳಲ್ಲಿ, ನೋಟ ಎಷ್ಟೇ ಚೆನ್ನಾಗಿದ್ದರೂ, ಚಹಾ ಕುಡಿಯಲೆಂದೂ ಗಾಡಿ ನಿಲ್ಲಿಸಬೇಡಿ.