ಮೂಳೆ ಕೂಡಿತು, ಓಟ ಯಾವಾಗ?

ಪ್ರಶ್ನೆ: ನನಗೆ 34 ವರ್ಷ, ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಓಡುವ ರೂಢಿಯಿತ್ತು. ಹಾಫ್ ಮ್ಯಾರಥಾನ್‌ಗೆಂದು ಓಟವನ್ನು ಒಮ್ಮೆಲೇ ಹೆಚ್ಚಿಸಿದಾಗ ಎಡಗಾಲಿನ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮೂಳೆಯ ಒಳಅಂಚಿನಲ್ಲಿ, ಕಣಕಾಲಿನಿಂದ ಒಂದು ಗೇಣು ಮೇಲೆ, ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಸಣ್ಣ ಬಿರುಕು, ಆಯಿತು. ಎಂಟು ವಾರ ಓಡಿಲ್ಲ, ಸೈಕಲ್ ಮಾತ್ರ ತುಳಿದಿದ್ದೇನೆ. ಈಗ ನೋವಿಲ್ಲ. ವೈದ್ಯರು ನಿಧಾನವಾಗಿ ಶುರು ಮಾಡಿ ಎಂದಿದ್ದಾರೆ. ನಿಧಾನವೆಂದರೆ ಎಷ್ಟು? ತೂಕ ಇಳಿಸಲು ಆಗ ರಾತ್ರಿಯೂಟ ಬಿಟ್ಟಿದ್ದೆ, ಮುಟ್ಟೂ ಏರುಪೇರಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಬಗೆಹರಿಸಿಕೊಳ್ಳದೆ ಎಷ್ಟೇ ಎಚ್ಚರದಿಂದ ಓಡಿದರೂ ಮೂಳೆ ಮತ್ತೆ ಬಿರುಕು ಬಿಡುವ ಸಂಭವವಿರುತ್ತದೆ. ಸಂಬಂಧ ಖಂಡಿತ ಇದೆ. ಓಟದ ಭಾರ ಬಿದ್ದಾಗ ಮೂಳೆ ತನ್ನ ಹಳೆಯ ಭಾಗವನ್ನು ಕರಗಿಸಿ ಆ ಜಾಗದಲ್ಲಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕರಗಿಸುವುದು ಕೆಲವೇ ವಾರಗಳಲ್ಲಿ ಮುಗಿದರೆ ಕಟ್ಟುವುದಕ್ಕೆ ತಿಂಗಳುಗಳೇ ಬೇಕಾಗುವುದರಿಂದ, ಓಟವನ್ನು ದಿಢೀರನೆ ಹೆಚ್ಚಿಸಿದವರ ಮೂಳೆ ನಡುವಿನ ಅವಧಿಯಲ್ಲಿ ಮೊದಲಿಗಿಂತ ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ಊಟವನ್ನೂ ಕಡಿಮೆ ಮಾಡಿದರೆ, ಖರ್ಚಿಗೆ ತಕ್ಕ ಶಕ್ತಿ ಸಿಗದ ದೇಹ ಈಸ್ಟ್ರೋಜನ್ ಹಾರ್ಮೋನಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಮುಟ್ಟು ಹಿಂದೆಮುಂದಾಗುತ್ತದೆ, ಮೂಳೆ ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಯನ್ನು ರೆಡ್-ಎಸ್ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಸಿ, ಇದು ಗಂಡಸರನ್ನೂ ಬಾಧಿಸುತ್ತದೆ ಎಂದು ಸ್ಪಷ್ಟಪಡಿಸಿತು. ಮುಟ್ಟು ತಪ್ಪಿದರೆ ಓಟಗಾರ್ತಿಯರಿಗೆ ಅದು ಸಹಜ ಎಂದು ತಳ್ಳಿಹಾಕುವ ಮಾತು ನಮ್ಮಲ್ಲಿ ಇನ್ನೂ ಕೇಳಿಬರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ.

ಆದ್ದರಿಂದ ರಾತ್ರಿಯೂಟವನ್ನು ಇಂದಿನಿಂದಲೇ ಮತ್ತೆ ಆರಂಭಿಸಿ. ಸ್ತ್ರೀರೋಗ ತಜ್ಞರನ್ನು ಕಂಡು ಮುಟ್ಟಿನ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಮಾತ್ರೆಯಿಂದ ಪ್ರತಿ ತಿಂಗಳು ಆಗುವ ರಕ್ತಸ್ರಾವವು ಹಾರ್ಮೋನುಗಳು ಸರಿಯಾಗಿವೆ ಎಂಬುದಕ್ಕೆ ಸಾಕ್ಷಿಯಲ್ಲ. ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣವನ್ನೂ ಪರೀಕ್ಷಿಸಿಕೊಳ್ಳಿ. ದಿನವಿಡೀ ಕಚೇರಿಯೊಳಗಿರುವವರಲ್ಲಿ ಅದರ ಕೊರತೆ ಸಾಮಾನ್ಯ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಮುದ್ದೆ, ಹಾಲು, ಮೊಸರು ನಿತ್ಯದ ಊಟದಲ್ಲಿರಲಿ. ಆದರೆ ಒಟ್ಟಾರೆ ಊಟವೇ ಸಾಲದಿದ್ದಾಗ ಕ್ಯಾಲ್ಸಿಯಂ ಒಂದರಿಂದಲೇ ಮೂಳೆ ಗಟ್ಟಿಯಾಗುವುದಿಲ್ಲ.

ಇನ್ನು ಓಟದ ಮಾತು. ನಿಮ್ಮ ಬಿರುಕು ಇರುವ ಜಾಗ ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುವಂಥದ್ದು. ಅದೇ ಮೂಳೆಯ ಮುಂಭಾಗದಲ್ಲಿದ್ದಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ಆದರೂ ನೋವು ಹೋದ ದಿನವೇ ಮೂಳೆ ಪೂರ್ತಿ ಬಲ ಪಡೆದಿರುವುದಿಲ್ಲ. ಸೈಕಲ್ ತುಳಿದು ಉಸಿರಿನ ಶಕ್ತಿಯನ್ನು ಉಳಿಸಿಕೊಂಡಿದ್ದೀರಿ, ಅದು ಒಳ್ಳೆಯದೇ. ಆದರೆ ಇನ್ನೂ ಓಡಬಲ್ಲೆ ಎಂದು ಉಸಿರು ಹೇಳುವ ಹೊತ್ತಿಗೆ ಮೂಳೆಗೆ ಸಾಕಾಗಿರುತ್ತದೆ. ಮೊದಲು ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಆಗಲೂ ಮರುದಿನ ಬೆಳಿಗ್ಗೆಯೂ ನೋವಿರಬಾರದು. ಬಿರುಕಿದ್ದ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಬಲಗಾಲಿನ ಅದೇ ಜಾಗದೊಡನೆ ಹೋಲಿಸಿ ನೋಡಿ. ಎರಡೂ ಒಂದೇ ರೀತಿ ಎನಿಸಿದರೆ ಎಡಗಾಲೊಂದರ ಮೇಲೆ ಹತ್ತು ಸಲ ಕುಪ್ಪಳಿಸಿ. ಇವುಗಳಲ್ಲಿ ಯಾವುದರಲ್ಲಿ ನೋವು ಕಂಡರೂ ಇನ್ನೊಂದು ವಾರ ತಡೆಯಿರಿ.

ನೋವಿಲ್ಲವೆಂದಾದರೆ ಒಂದು ನಿಮಿಷ ಹಗುರವಾದ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು ಸಾಕು. ದಿನ ಬಿಟ್ಟು ದಿನ ಮಾತ್ರ ಓಡಬೇಕು. ಒಂದೇ ಹಂತವನ್ನು ಕನಿಷ್ಠ ಎರಡು ಸಲ ನೋವಿಲ್ಲದೆ ಮುಗಿಸಿದ ಮೇಲೆ ಓಟದ ಅವಧಿಯನ್ನು ಒಂದು ನಿಮಿಷ ಹೆಚ್ಚಿಸಿ. ಅರ್ಧ ಗಂಟೆ ಎಡೆಬಿಡದೆ ಓಡುವ ಹಂತಕ್ಕೆ ಬರಲು ಆರರಿಂದ ಎಂಟು ವಾರ ಹಿಡಿದರೆ ಅದು ತಡವೇನಲ್ಲ. ವೇಗವನ್ನೂ ಚಾಮುಂಡಿ ಬೆಟ್ಟದ ಏರನ್ನೂ ಅದಾದ ನಂತರ ಯೋಚಿಸೋಣ. ಹೆಜ್ಜೆಯನ್ನು ಸ್ವಲ್ಪ ಗಿಡ್ಡ ಮಾಡಿ, ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ಶೇ 5ರಷ್ಟು ಹೆಚ್ಚಿಸಿದರೆ ಪ್ರತಿ ಹೆಜ್ಜೆಯ ಹೊಡೆತ ತಗ್ಗುತ್ತದೆ. ಮೀನಖಂಡ ಬಲಗೊಳಿಸಲು ವಾರಕ್ಕೆ ಎರಡು ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿ.

ಬಿಡುವಿನ ನಂತರ ಎರಡೂ ಮೀನಖಂಡಗಳಲ್ಲಿ ಹರಡಿಕೊಂಡು, ನಡೆದಾಡಿದಂತೆ ಸಡಿಲವಾಗುವ ನೋವು ಸ್ನಾಯುವಿನದು, ಅದಕ್ಕೆ ಹೆದರಬೇಕಿಲ್ಲ. ಒಂದೇ ಬೆರಳಿಟ್ಟು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ, ರಾತ್ರಿ ಮಲಗಿದಾಗಲೂ ಕಾಡುವ ನೋವು ಮೂಳೆಯದು. ಅದು ಕಂಡ ಕೂಡಲೇ ಓಟ ನಿಲ್ಲಿಸಿ, ವಾರದೊಳಗೆ ಪೂರ್ತಿ ಹೋಗದಿದ್ದರೆ ವೈದ್ಯರನ್ನು ಕಾಣಿ. ನೋವಿನ ಮಾತ್ರೆ ನುಂಗಿ ಮಾತ್ರ ಓಡಬೇಡಿ, ಈ ವ್ಯತ್ಯಾಸವೇ ನಿಮಗೆ ತಿಳಿಯದಂತಾಗುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗಾಗಿ 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ದಿನಗಳಿಂದ ಬಲ ತೊಡೆಸಂದಿಯ ಆಳದಲ್ಲಿ ನೋವು. ಎಕ್ಸ್‌ರೇ ಸರಿಯಿದೆ. ಓಡುತ್ತಾ ಹೋದರೆ ಸರಿಹೋಗುತ್ತದೆ ಎನ್ನುತ್ತಾರೆ. ಮುಂದುವರಿಸಬಹುದೇ?

ಉತ್ತರ: ಬೇಡ, ಇಂದೇ ನಿಲ್ಲಿಸಿ. ಸ್ಟ್ರೆಸ್ ಫ್ರ್ಯಾಕ್ಚರ್ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು. ನೀವು ಹೇಳುವ ನೋವು ಸ್ನಾಯು ಉಳುಕಿದ್ದರಿಂದಲೂ ಬಂದಿರಬಹುದು. ಆದರೆ ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿನೊಳಗಿನ ಅದರ ತಲೆಭಾಗದ ಕೆಳಗಿನ ಕಿರಿದಾದ ಭಾಗದಲ್ಲಿ, ಬಿರುಕಿದ್ದರೂ ಹೀಗೆಯೇ ಇರುತ್ತದೆ, ಮತ್ತು ಆ ಬಿರುಕಿನ ಮೇಲೆ ಓಡಿದರೆ ಮೂಳೆ ಪೂರ್ತಿ ಮುರಿದು ಜರುಗಿ, ಅದರ ತಲೆಭಾಗಕ್ಕೆ ಹೋಗುವ ರಕ್ತವೇ ಕಡಿದುಹೋಗಬಹುದು. ಮೂಳೆ ತಜ್ಞರನ್ನು ತಡಮಾಡದೆ ಕಂಡು, ಎಂಆರ್‌ಐ ಬೇಕೇ ಎಂದು ನೀವೇ ಕೇಳಿ. ಬಿರುಕಿಲ್ಲ ಎಂದು ಖಚಿತವಾಗುವವರೆಗೆ ಊರುಗೋಲು ಬಳಸಿ, ಆ ಕಾಲಿನ ಮೇಲೆ ಭಾರ ಹಾಕಬೇಡಿ. ಕಾಲೂರಲೇ ಆಗದಷ್ಟು ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.